ಬೀಗರ ಬಾಗಿಲು, ಬಿಳೂರಿನ ಏರು

ಜೋರಾಗಿ ಗಾಳಿ ಬೀಸಿದರೆ ಎಲ್ಲಿ ಹಾರಿಹೋಗುತ್ತೇವೋ ಎಂದು ತೆಳ್ಳಗಿನವರು ಹೆದರುತ್ತಾರೆ. ನನ್ನ ಮೈದುನನಿಗೆ ಆ ಹೆದರಿಕೆ ಇರಲಿಲ್ಲ. ಇಷ್ಟು ಗಾಳಿ ಬೀಸಿದರೂ ಹಾರಲಿಲ್ಲವಲ್ಲ, ಹಾಗಾದರೆ ಮೈಯಲ್ಲಿ ಇನ್ನೂ ಎಲ್ಲೋ ತೂಕ ಉಳಿದಿದೆ ಎಂಬ ದುಃಖವಿತ್ತು!

ಮೈದುನ ಎಂದರೆ ನನ್ನ ಗಂಡನ ತಮ್ಮ. ನಾನು ಅವನ ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ. ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ, "ಹಾಕೂದಿದ್ರ ಸಣ್ಣ ಅಕ್ಷರದಾಗ ಹಾಕ್ರಿ ವೈನಿ, ದೊಡ್ಡ ಅಕ್ಷರ ವಜ್ಜಿ ಆಗ್ತಾವ" ಎಂದ. ಇಂಥವನ ಹೆಸರು ಕಟ್ಟಿಕೊಂಡು ನಾನೇನು ಮಾಡಲಿ?

ಜತ್ತದ ಪೇಟೆಯಲ್ಲಿ ನಮ್ಮ ಮಾವನವರದು ಕಾಳಿನ ಅಂಗಡಿ. ರಾಜರ ಆಡಳಿತ ಹೋಗಿ ಮಾಮಲೇದಾರರ ಕಚೇರಿ ಬಂದ ವರ್ಷವೇ ನಾನು ಬಿಳೂರಿನಿಂದ ಆ ಮನೆಗೆ ಸೊಸೆಯಾಗಿ ಬಂದೆ. ಆಗ ಊರಲ್ಲಿ ಎರಡು ಹೊಸ ಸುದ್ದಿ. ಒಂದು, ಸಂಸ್ಥಾನ ವಿಲೀನವಾದದ್ದು. ಇನ್ನೊಂದು, ನನ್ನ ಮೈದುನ ವಿಲಾಯತಿ ಸೈಕಲ್ಲು ತಂದದ್ದು. ಮೊದಲನೆಯದಕ್ಕೆ ಜನ ಬೇಗ ಹೊಂದಿಕೊಂಡರು.

ಸೈಕಲ್ಲು ತಂದವರು ಏನು ಮಾಡುತ್ತಾರೆ? ಅದಕ್ಕೆ ಬಣ್ಣದ ಗೊಂಡೆ ಕಟ್ಟುತ್ತಾರೆ, ದೀಪ ಹಾಕಿಸುತ್ತಾರೆ, ಕೆಲವರು ಎರಡು ಗಂಟೆ ಕೂಡಿಸುತ್ತಾರೆ. ಇವನು ಬಿಚ್ಚಲು ಶುರುಮಾಡಿದ. ಮೊದಲು ಸ್ಟ್ಯಾಂಡು ಹೋಯಿತು. ಅಂದಿನಿಂದ ಸೈಕಲ್ಲು ನಮ್ಮ ತುಳಸಿಕಟ್ಟೆಗೆ ಒರಗಿಕೊಂಡು ನಿಂತು, ದಿನಕ್ಕೆ ಎರಡು ಸಲ ಬಿದ್ದು, ಅತ್ತೆಯವರ ಕೈಯಲ್ಲಿ ಬೈಸಿಕೊಳ್ಳತೊಡಗಿತು. ಆಮೇಲೆ ಕ್ಯಾರಿಯರು. ಆಮೇಲೆ ಚೈನಿನ ಮೇಲಿನ ಮುಚ್ಚಳ. ಆಮೇಲೆ ಮಡಗಾರ್ಡು. ಮಡಗಾರ್ಡಿಲ್ಲದ ಸೈಕಲ್ಲಿನಲ್ಲಿ ಮಳೆಯ ದಿನ ಹೋಗಿ ಬಂದನೆಂದರೆ ಟೊಂಕದಿಂದ ಕುತ್ತಿಗೆಯ ತನಕ ಬೆನ್ನ ಮೇಲೆ ಒಂದು ಕೆಸರಿನ ಪಟ್ಟೆ! ಅಂಗಿ ಒಗೆಯುವವಳು ನಾನು.

ಗಂಟೆಯನ್ನೂ ತೆಗೆದ ದಿನ ನಾನು ಸುಮ್ಮನಿರಲಾರದೆ ಕೇಳಿದೆ.

"ಅಲ್ಲೋ ತಮ್ಮಾ, ಪ್ಯಾಟ್ಯಾಗ ಮಂದಿ ಅಡ್ಡ ಬಂದ್ರ ಏನ್ ಮಾಡ್ತಿ?"

"ಟ್ರಿಣ್ ಟ್ರಿಣ್ ಅಂತೀನ್ರಿ."

"ಬಾಯಿಲೆ?"

"ಬಾಯಿ ಹೆಂಗೂ ಜೋಡಿ ಒಯ್ಯಲೇಬೇಕಲ್ರಿ ವೈನಿ. ಅದರ ತೂಕ ಆಗಲೇ ಹಿಡದಾಗೇತಿ."

ಕೊನೆಗೆ ಬ್ರೇಕು. ಅದನ್ನೂ ಬಿಚ್ಚಿಟ್ಟ. ಏರು ಹತ್ತುವವನಿಗೆ ಬ್ರೇಕು ಯಾತಕ್ಕೆ ಎಂಬುದು ಅವನ ವಾದ. ಸರಿಯಪ್ಪಾ, ಇಳಿಯುವಾಗ? ಇಳಿಯುವಾಗ ಸೈಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು ನಡೆದೇ ಬರುತ್ತಿದ್ದ! ಲೋಕದ ಜನ ಏರಿನಲ್ಲಿ ಇಳಿದು ತಳ್ಳುತ್ತಾರೆ, ಇಳಿಜಾರಿನಲ್ಲಿ ಹತ್ತಿ ಕೂಡುತ್ತಾರೆ. ನನ್ನ ಮೈದುನ ಏರಿನಲ್ಲಿ ಹತ್ತಿ ಕೂಡುತ್ತಿದ್ದ, ಇಳಿಜಾರಿನಲ್ಲಿ ಇಳಿದು ನಡೆಯುತ್ತಿದ್ದ. ಮಾಡಗ್ಯಾಳದ ಕಡೆ ಕುರಿ ಕಾಯುವ ಮುದುಕನೊಬ್ಬ ಇದನ್ನು ನೋಡಿ ಅಂಗಡಿಗೆ ಬಂದು ಮಾವನವರಿಗೆ ಹೇಳಿದನಂತೆ: "ಸಾವಕಾರ್ರ, ನಿಮ್ಮ ಸಣ್ಣ ಮಗನಿಗೆ ಸೈಕಲ್ ಹೊಡಿಯಾಕ ಕಲಿಸಿದವ್ರು ಯಾರೋ ಉಲ್ಟಾ ಕಲಿಸ್ಯಾರ."

ಏರು ಎಂದರೆ ಅವನಿಗೆ ಯಾಕೆ ಅಷ್ಟು ಹುಚ್ಚು? ಇದಕ್ಕೆ ಅವನೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನಗೆ ಪಾಠ ಹೇಳಿದ್ದಾನೆ. ನಾನು ರೊಟ್ಟಿ ತಟ್ಟುತ್ತಿದ್ದೆ, ಓಡಿಹೋಗುವಂತಿರಲಿಲ್ಲ.

"ನೋಡ್ರಿ ವೈನಿ, ಬಯಲಾಗ ಹೊಂಟಾಗ ನಮ್ಮ ಜಗಳ ಗಾಳಿ ಕೂಡ. ಗಾಳಿ ಕೂಡ ಜಗಳಾಡಾಕ ತಾಕತ್ತು ಬೇಕು. ಅದು ಪೈಲ್ವಾನರ ಕೆಲಸ. ಏರಿನಾಗ ಜಗಳ ಭೂಮಿ ಕೂಡ. ಭೂಮಿ ಏನ್ ಮಾಡ್ತದ? ನಮ್ಮ ತೂಕ ಹಿಡಕೊಂಡು ಕೆಳಗ ಜಗ್ತದ. ತೂಕಾನ ಇಲ್ಲ ಅಂದ್ರ ಏನ್ ಹಿಡಕೊಂಡು ಜಗ್ಗೀತು?"

"ಖರೇನಪ್ಪಾ. ಇನ್ನೊಂದು ರೊಟ್ಟಿ ಹಾಕಲಿ?"

"ಇಷ್ಟೊತ್ತು ಹೇಳಿದ್ದು ಕಲ್ಲಿಗೆ ಹೇಳಿದಂಗಾತು!" ಎಂದು ಎದ್ದುಹೋದ.

ನಮ್ಮ ಸೀಮೆ ಪೈಲ್ವಾನರ ಸೀಮೆ ಎಂಬುದನ್ನು ಓದುವವರು ನೆನಪಿಡಬೇಕು. ಓಣಿಗೊಂದು ತಾಲೀಮು, ಅಂದರೆ ಗರಡಿಮನೆ. ಗಂಡುಮಗ ಎಂದರೆ ಬೆಳಿಗ್ಗೆ ಎದ್ದು ಸಾಮು ಮಾಡಬೇಕು, ಚರಿಗೆ ತುಂಬ ಹಾಲು ಕುಡಿಯಬೇಕು, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗಬೇಕು. ಅಂಥಲ್ಲಿ ಇವನು ಒಂದೂವರೆ ರೊಟ್ಟಿ ತಿಂದು ಕೈತೊಳೆಯುತ್ತಿದ್ದ. ಆ ಒಂದೂವರೆಯೂ ತೆಳ್ಳಗಿರಬೇಕು. ಬೆಳಕಿಗೆ ಹಿಡಿದು ನೋಡುತ್ತಿದ್ದ! ಆಚೆಯ ಗೋಡೆ ಕಂಡರೆ ತಿನ್ನುತ್ತಿದ್ದ, ಕಾಣದಿದ್ದರೆ ಅಣ್ಣನ ತಾಟಿಗೆ ಹಾಕುತ್ತಿದ್ದ. ನಮ್ಮ ಯಜಮಾನರು ಮದುವೆಯಾದ ಮೇಲೆ ದಪ್ಪವಾದರು, ಹೆಂಡತಿಯ ಕೈಗುಣ ಎಂದು ಜನ ಅಂದರು. ನಿಜಸಂಗತಿ ಈಗ ಬರೆದಿದ್ದೇನೆ.

ಇನ್ನು ತಕ್ಕಡಿಯ ಕಥೆ. ಅಂಗಡಿಯಲ್ಲಿ ಜಂತಿಗೆ ತೂಗುಬಿಟ್ಟ ದೊಡ್ಡ ತಕ್ಕಡಿಯಿತ್ತು, ಜೋಳದ ಚೀಲ ತೂಗುವಂಥದು. ಪ್ರತಿ ಸೋಮವಾರ ಬೆಳಿಗ್ಗೆ ಮೈದುನ ಮೊಳಕಾಲು ಮಡಚಿ, ಗದ್ದವನ್ನು ಅದರ ಮೇಲಿಟ್ಟುಕೊಂಡು ಒಂದು ಪರಡಿಯಲ್ಲಿ ಕೂಡುತ್ತಿದ್ದ. ಇನ್ನೊಂದರಲ್ಲಿ ಕಲ್ಲು. ಒಂದು ಮಣ ಹತ್ತು ಸೇರು ಬಂದರೆ ಆ ವಾರ ಹಾಡು ಗುನುಗುತ್ತಿದ್ದ. ಅರ್ಧ ಸೇರು ಹೆಚ್ಚು ಬಂದರೆ ನನ್ನ ಕಡೆ ಸಂಶಯದಿಂದ ನೋಡುತ್ತಿದ್ದ. ಕ್ಷೌರಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ತೂಗಿಸಿಕೊಂಡು, ತಲೆಯ ಮೇಲೆ ಇಷ್ಟು ದಿನ ಸುಮ್ಮಸುಮ್ಮನೆ ಎಷ್ಟು ಹೊತ್ತುಕೊಂಡು ತಿರುಗಿದೆನಲ್ಲ ಎಂದು ಮರುಗಿದ್ದೂ ಉಂಟು.

ಒಂದು ಸೋಮವಾರ ಅವನಿನ್ನೂ ಪರಡಿಯಲ್ಲಿ ಕಣ್ಣುಮುಚ್ಚಿ ಉಸಿರು ಬಿಗಿಹಿಡಿದು ಕೂತಿದ್ದಾಗ ಉಟಗಿಯ ಕಡೆಯ ಗಿರಾಕಿಯೊಬ್ಬ ಒಳಗೆ ಬಂದ. ತಕ್ಕಡಿ ನೋಡಿದ, ಮಾವನವರನ್ನು ನೋಡಿದ. ಗಂಭೀರವಾಗಿ ಕೇಳಿದ: "ಈ ಮಾಲು ಹೆಂಗ ಕೊಟ್ರಿ?"

ಮಾವನವರು ಅಷ್ಟೇ ಗಂಭೀರವಾಗಿ, "ಒಯ್ತಿದ್ರ ಸುಮ್ಮನ ಒಯ್ಯಪ್ಪ. ಭಾಳ ದಿನದಿಂದ ಬಿದ್ದೈತಿ" ಎಂದರು.

ಅತ್ತೆಯವರಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಸೈಕಲ್ಲಿನ ಪಂದ್ಯ, ನಮ್ಮ ಕಡೆಯ ಶರ್ಯತ್ತು, ಹತ್ತಿರ ಬಂದಾಗ ಮೈದುನ ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯನ್ನು ತೆಗೆದಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ. ಅತ್ತೆಯವರು ಹಣೆ ಬಡಿದುಕೊಂಡರು.

"ದೇವರನ್ನೂ ತೂಕಕ್ಕ ಹಚ್ಚಿದೇನೋ ಮೂಳಾ?"

"ದೇವರು ಹಗರ ಅದಾನ ಯವ್ವಾ. ಬೆಳ್ಳಿ ವಜ್ಜಿ ಐತಿ."

ಅತ್ತೆಯವರು ಕರಡಿಗೆಯನ್ನು ಸೆರಗಿನಲ್ಲಿ ಒರೆಸಿ ದೇವರ ಜಗಲಿಯ ಮೇಲಿಟ್ಟರು. ಇಂಥ ಮಾತಿಗೆ ಏನು ಬೈಯುತ್ತೀರಿ?

ಅವನಿಗೆ ಹೆಣ್ಣು ನೋಡುವುದೂ ನಡೆದಿತ್ತು. ಒಂದು ಸಲ ಹೆಣ್ಣಿನವರು ಬರುವ ದಿನ ಅತ್ತೆಯವರು ಅವನಿಗೆ ಎರಡು ಅಂಗಿ, ಅದರ ಮೇಲೊಂದು ಉಣ್ಣೆಯ ಕೋಟು ತೊಡಿಸಿ ಕೂಡಿಸಿದರು. ವೈಶಾಖದ ಬಿಸಿಲು! ಬೆವರಿ ಬೆವರಿ ಅವನು ಮತ್ತಷ್ಟು ತೆಳ್ಳಗಾದ. ಒಳಗೊಳಗೇ ಅವನಿಗೆ ಸಂತೋಷವೇ ಆಗಿರಬೇಕು. ಹೆಣ್ಣಿನ ತಂದೆ ಚಹಾ ಕುಡಿದು, ಅಂಗಡಿ ನೋಡಿ, ಚೀಲಗಳ ಸಾಲು ನೋಡಿ, ಹೊರಡುವಾಗ ಮಾವನವರನ್ನು ಪಕ್ಕಕ್ಕೆ ಕರೆದು ಕೇಳಿದರು: "ಮನಿ ಭಾಳ ಚಲೋ ಐತ್ರಿ. ಕಾಳಿಗೆ ಕಡಿಮಿ ಇಲ್ಲ. ಆದ್ರ ಅಂಗಡ್ಯಾಗಿನ ಕಾಳು ಮನಿ ಮಂದಿಗೆ ಕೊಡೂದಿಲ್ಲೇನ್ರಿ?"

ಇಷ್ಟೆಲ್ಲ ಯಾತಕ್ಕಾಗಿ? ಒಂದು ರುಮಾಲಿಗಾಗಿ. ಪ್ರತಿ ವರ್ಷ ಸ್ವಾತಂತ್ರ್ಯದ ದಿನ ನಮ್ಮ ಓಣಿಯ ತಾಲೀಮಿನವರು ಸೈಕಲ್ ಶರ್ಯತ್ತು ಇಡುತ್ತಿದ್ದರು. ಜತ್ತದ ಪೇಟೆಯಿಂದ ಬಿಟ್ಟರೆ ಬಿಳೂರು ದಾಟಿ, ಅದರಾಚೆಯ ದಿನ್ನೆಯ ಏರು ಹತ್ತಿ, ತುದಿಯಲ್ಲಿರುವ ಬನ್ನಿಮರ ಮುಟ್ಟಬೇಕು. ಮೊದಲು ಮುಟ್ಟಿದವನಿಗೆ ತಾಲೀಮಿನ ಉಸ್ತಾದರು ಎಲ್ಲರ ಮುಂದೆ ಕೆಂಪು ಅಂಚಿನ ರುಮಾಲು ಸುತ್ತುತ್ತಿದ್ದರು. ಕುಸ್ತಿ ಗೆದ್ದವರಿಗೆ ಸುತ್ತುವಂಥದೇ ರುಮಾಲು. ಕುಸ್ತಿಯ ಮೈಯಿಲ್ಲದವನಿಗೆ ಆ ಊರಲ್ಲಿ ಅದು ಸಿಗುವ ದಾರಿ ಇದೊಂದೇ. ಮೈದುನನ ಜೀವವೆಲ್ಲ ಅದರಲ್ಲಿತ್ತು.

ಬಯಲು ದಾರಿಯಲ್ಲಿ ಅವನ ಯುಕ್ತಿ ಬೇರೆ. ನಮ್ಮ ಓಣಿಯ ಪೈಲ್ವಾನನೂ ಶರ್ಯತ್ತಿಗೆ ಇಳಿಯುತ್ತಿದ್ದ. ಅವನ ಬೆನ್ನೆಂದರೆ ಬೆನ್ನಲ್ಲ, ಕಚೇರಿಯ ಗೋಡೆ. ಶ್ರಾವಣದಲ್ಲಿ ನಮ್ಮ ಮಾಳದ ಮೇಲೆ ಬೀಸುವ ಗಾಳಿ ಸಾಮಾನ್ಯವಲ್ಲ. ಮೈದುನ ಆ ಗೋಡೆಯ ಹಿಂದೆ ಸೇರಿಕೊಂಡುಬಿಡುತ್ತಿದ್ದ.

"ಏ ಕಡ್ಡಿ! ಎದುರಿಗೆ ಬಾರಲೇ!" ಎಂದು ಪೈಲ್ವಾನ ತಿರುಗದೆಯೇ ಕೂಗುತ್ತಿದ್ದ.

"ಹಿರ್ಯಾರ ಮುಂದ ಹೋಗಬಾರದು ಅಂತ ನಮ್ಮವ್ವ ಹೇಳ್ಯಾಳೋ ಪೈಲ್ವಾನಾ!"

ಬಿಳೂರು ಬಂದು ದಾರಿ ಮೇಲೇಳತೊಡಗಿತೆಂದರೆ ಅವ್ವನ ಮಾತು ಮರೆಯುತ್ತಿತ್ತು. ಗೋಡೆಯ ಹಿಂದಿನಿಂದ ಹೊರಬಿದ್ದು ಮುಂದೆ ಹೋಗಿಬಿಡುತ್ತಿದ್ದ. ಆಮೇಲೆ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ, ಒಬ್ಬರನ್ನು ಬಿಟ್ಟು.

ಆ ಒಬ್ಬರು ನಮ್ಮಪ್ಪ.

ನನ್ನ ತವರುಮನೆ ಬಿಳೂರಿನ ಕಡೆಯ ಮನೆ. ಏರು ಶುರುವಾಗುವುದೇ ನಮ್ಮ ಬಾಗಿಲಿಂದ. ಮೊದಲ ವರ್ಷದ ಶರ್ಯತ್ತಿನಲ್ಲಿ ಮೈದುನ ಎಲ್ಲರಿಗಿಂತ ಮುಂದೆ ಬಂದಾಗ ನಮ್ಮಪ್ಪ ನೀರಿನ ತಂಬಿಗೆ ಹಿಡಿದು ದಾರಿಯ ನಟ್ಟನಡುವೆ ನಿಂತಿದ್ದ.

"ಇಳೀರಿ ಬೀಗರ! ಕಾಲಿಗೆ ನೀರು ತಗೊಳ್ರಿ!"

"ಮಾಮಾ, ಶರ್ಯತ್ತು ಐತ್ರಿ! ಹಿಂದ ಮಂದಿ ಬರಾಕತ್ತಾರ!"

"ಬರ್ಲಿ ಬರ್ಲಿ, ಅವರಿಗೂ ಸಾಲುವಷ್ಟು ಹೋಳಿಗಿ ಮಾಡಿಸೀನಿ!"

ಪಟ್ಟಣದ ಓದುಗರು ಕೇಳಬಹುದು: ಪಕ್ಕಕ್ಕೆ ತಿರುಗಿಸಿಕೊಂಡು ಹೋಗಬಾರದಿತ್ತೇ? ಅಯ್ಯೋ, ಬೀಗರ ಬಾಗಿಲು ದಾಟುವುದೆಂದರೆ ಹೊಳೆ ದಾಟಿದಷ್ಟು ಹಗುರವೇ! ಮಗಳನ್ನು ಕೊಟ್ಟ ಮನೆಯ ಗಂಡಸು ಬಾಗಿಲಿಗೆ ಬಂದು ನೀರು ಮುಟ್ಟದೆ ಹೋದನೆಂದರೆ ಸಂಜೆಯೊಳಗೆ ಊರೆಲ್ಲ ಮಾತು: "ಜತ್ತದಾಗ ಆ ಹುಡುಗಿಗೆ ಏನೋ ತ್ರಾಸ ಐತಂತ." ಮೈದುನ ಹಿಂದೆ ನೋಡಿದ, ಮುಂದೆ ನೋಡಿದ. ಇಳಿದ. ಕಾಲು ತೊಳೆದ. ಎರಡು ಹೋಳಿಗೆ ತಿಂದ, ತುಪ್ಪ ಬಡಿಸಿಕೊಂಡ. ಅವನು ಬನ್ನಿಮರ ಮುಟ್ಟುವಷ್ಟರಲ್ಲಿ ಪೈಲ್ವಾನ ರುಮಾಲು ಸುತ್ತಿಸಿಕೊಂಡು, ಊರಿಗೆ ಮರಳಿ, ಉಂಡು ಮಲಗಿದ್ದನಂತೆ.

ಎರಡನೆಯ ವರ್ಷ ಅವನೊಂದು ಉಪಾಯ ಮಾಡಿದ. ಬಿಳೂರಿನ ಅಗಸಿ ಬಾಗಿಲಲ್ಲಿ ಮುಖಕ್ಕೆ ಟವೆಲು ಸುತ್ತಿಕೊಂಡ, ಕಣ್ಣು ಮಾತ್ರ ಕಾಣುವಂತೆ. ಬೀಗರಿಗೆ ಗುರುತು ಸಿಗದಿದ್ದರೆ ಮರ್ಯಾದೆಯ ಪ್ರಶ್ನೆಯೇ ಇಲ್ಲವಲ್ಲ! ಆದರೆ ಜತ್ತ ತಾಲೂಕಿನಲ್ಲಿ ಬೆನ್ನ ಮೇಲೆ ಕೆಸರಿನ ಪಟ್ಟೆ ಹೊತ್ತು ಬಾಯಲ್ಲಿ ಟ್ರಿಣ್ ಟ್ರಿಣ್ ಎನ್ನುವವರು ಎಷ್ಟು ಜನ ಇದ್ದಾರು? ನಮ್ಮಪ್ಪ ಓಡಿಬಂದು ಹ್ಯಾಂಡಲ್ಲು ಹಿಡಿದುಕೊಂಡ. ಕಣ್ಣಲ್ಲಿ ನೀರು ಬೇರೆ.

"ಮಾರಿ ಮುಚಗೊಂಡು ನಮ್ಮ ಬಾಗಲಾ ದಾಟ್ತೀರಿ ಅಂದ್ರ, ಹೋದ ವರ್ಷದ ಹೋಳಿಗ್ಯಾಗ ಏನ್ ಕಮ್ಮಿ ಆಗಿತ್ರಿ ಬೀಗರ?"

ಆ ಸಂಕಟಕ್ಕೆ ಸಮಾಧಾನ ಹೇಳಲು ಮೈದುನ ನಾಲ್ಕು ಹೋಳಿಗೆ ತಿನ್ನಬೇಕಾಯಿತು. ರುಮಾಲು ಮತ್ತೆ ಪೈಲ್ವಾನನ ತಲೆಗೇ ಹೋಯಿತು. ಮರುದಿನ ಸೋಮವಾರ ಅಲ್ಲದಿದ್ದರೂ ಮೈದುನ ತಕ್ಕಡಿಯಲ್ಲಿ ಕೂತು ಆ ನಾಲ್ಕು ಹೋಳಿಗೆಯ ತೂಕ ನೋಡಿಕೊಂಡ.

ಮೂರನೆಯ ವರ್ಷ ಮಾವನವರು ಖಡಾಖಂಡಿತ ಹೇಳಿಬಿಟ್ಟರು: "ಇದು ಕಡೀ ಸಲ. ರುಮಾಲು ತಂದ್ರ ತಂದಿ. ಇಲ್ಲಂದ್ರ ನಿನ್ನ ಸೈಕಲ್ಲು ಮಾಳಿಗಿ ಮ್ಯಾಲ, ನೀ ಅಂಗಡಿ ಗಾದಿ ಮ್ಯಾಲ." ಮಾವನವರು ಒಮ್ಮೆ ಆಡಿದ ಮಾತು ತಿರುಗಿಸಿದವರಲ್ಲ. ಮೈದುನ "ಹೂಂ" ಎಂದ. ಆ ದಿನದಿಂದ ಒಂದೂವರೆ ರೊಟ್ಟಿ ಒಂದಕ್ಕಿಳಿಯಿತು. ನಸುಕಿನಲ್ಲಿ ಹೋದರೆ ಬಿಸಿಲೇರಿದ ಮೇಲೆ ಬರುತ್ತಿದ್ದ.

ಆ ಶ್ರಾವಣದಲ್ಲಿ ನಾನು ಬಸುರಿ. ಹೆರಿಗೆಗೆಂದು ಬಿಳೂರಿಗೆ ಬಂದಿದ್ದೆ. ಶರ್ಯತ್ತಿಗೆ ನಾಲ್ಕು ದಿನವಿರುವಾಗಲೇ ನಮ್ಮಪ್ಪನನ್ನು ಹಿಡಿದು ಕೂಡಿಸಿದೆ.

"ಅಪ್ಪಾ, ಈ ಸಲ ಅವನ್ನ ನಿಂದರಸಬ್ಯಾಡ. ನಿನ್ನ ಕಾಲು ಹಿಡೀತೀನಿ."

"ನಾ ಎಲ್ಲಿ ನಿಂದರಸ್ತೀನವ್ವಾ? ನೀರು ತಗೊಳ್ರಿ ಅಂತೀನಿ, ಅಷ್ಟ."

"ಅದನ್ನೂ ಅನಬ್ಯಾಡ."

ಅಪ್ಪ ಬಹಳ ಹೊತ್ತು ಯೋಚಿಸಿದ. ಕೊನೆಗೆ ಪ್ರಾಮಾಣಿಕವಾಗಿ ಹೇಳಿದ: "ಕಟ್ಟಿ ಮ್ಯಾಲ ಕುಂತಿದ್ರ ಕಣ್ಣಿಗೆ ಬೀಳ್ತಾರ. ಕಣ್ಣಿಗೆ ಬಿದ್ರ ನನ್ನ ಬಾಯಿ ಸುಮ್ಮ ಇರೂದಿಲ್ಲ. ಬಾಗಲಾ ಹಾಕ್ಕೊಂಡು ಒಳಗ ಕುಂದ್ರೂಣು."

ನಾನು ಒಪ್ಪಿದೆ. ಎಂಥ ಬುದ್ಧಿವಂತಿಕೆಯ ಉಪಾಯ ಎಂದು ಹಿಗ್ಗಿದೆ ಕೂಡ.

ಆ ದಿನ ಬೆಳಿಗ್ಗೆ ಬಾಗಿಲು ಹಾಕಿ ಅಗುಳಿ ಸರಿಸಿದೆವು. ಕಟ್ಟೆಯ ಮೇಲೆ ಯಾರೂ ಇಲ್ಲ. ನಮ್ಮವ್ವ ಒಳಗೆ ಹೂರಣ ರುಬ್ಬುವುದನ್ನು ಕೂಡ ನಿಲ್ಲಿಸಿ, "ಹಾಡು ಹಗಲ ಬಾಗಲಾ ಹಾಕ್ಕೊಂಡು ಕುಂತ್ರ ನೆರಮನ್ಯಾವ್ರು ಏನ್ ತಿಳಕೋಬೇಕು?" ಎಂದು ಗೊಣಗುತ್ತಿದ್ದಳು. ಅಪ್ಪ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದುಕೊಂಡು ಕೂತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ಬಾಗಿಲ ಸಂದಿಗೆ ಕಣ್ಣಿಟ್ಟಿದ್ದೆ.

ಬಂದ! ಟ್ರಿಣ್ ಟ್ರಿಣ್! ಹಿಂದೆ ಯಾರೂ ಇನ್ನೂ ಕಾಣಿಸುತ್ತಿರಲಿಲ್ಲ. ಏರಿನ ಕಡೆ ಮುಖ ಮಾಡಿದ್ದವನು ಅಭ್ಯಾಸಬಲದಿಂದ ನಮ್ಮ ಮನೆಯ ಕಡೆ ತಿರುಗಿದ. ದಾರಿಯಲ್ಲಿ ಅಪ್ಪನಿಲ್ಲ. ತಂಬಿಗೆಯಿಲ್ಲ. ಬಾಗಿಲು ಮುಚ್ಚಿದೆ.

ಟ್ರಿಣ್ ಅರ್ಧಕ್ಕೆ ನಿಂತಿತು. ಸೈಕಲ್ಲು ಬಿದ್ದ ಸದ್ದು ಕೇಳಿಸಿತು. ಮರುಗಳಿಗೆ ಬಾಗಿಲು ಧಡಧಡ ಬಡಿಯತೊಡಗಿತು.

"ವೈನೀ! ವೈನೀ! ಬಾಗಲಾ ತಗೀರಿ!"

ಅಪ್ಪ ಅಗುಳಿ ತೆಗೆದ. ಮೈದುನ ಹೊಸ್ತಿಲಲ್ಲಿ ನಿಂತಿದ್ದ. ಅಷ್ಟು ದೂರ ಸೈಕಲ್ಲು ತುಳಿದು ಬಂದಾಗ ಇರದ ಏದುಸಿರು ಈಗ ಬರುತ್ತಿತ್ತು.

"ಏನಾಗೇತ್ರಿ ಮಾಮಾ? ಬಾಗಲಾ ಯಾಕ ಮುಚ್ಚೀರಿ?"

"ನೀವು ನಿಂದರಬಾರದು ಅಂತ ಮುಚ್ಚೀವ್ರಿ ಬೀಗರ!" ಎಂದು ಅಪ್ಪ ಅಳುಮೋರೆ ಮಾಡಿದ.

ಅಷ್ಟರಲ್ಲಿ ಪೈಲ್ವಾನ ಬಂದ. ದಾರಿಯಲ್ಲಿ ಬಿದ್ದ ಸೈಕಲ್ಲು ನೋಡಿದ, ಬಾಗಿಲಲ್ಲಿ ನಡುಗುತ್ತಿರುವ ಎದುರಾಳಿಯನ್ನು ನೋಡಿದ. ಹಗಲಲ್ಲಿ ಮುಚ್ಚಿದ್ದ ಬಾಗಿಲು, ಅದರ ಮುಂದೆ ಕಂಗಾಲಾದ ಬೀಗ! ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಅವನೂ ಇಳಿದ. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಹಿಂದಿನಿಂದ ಬಂದವನು ಪೈಲ್ವಾನ ಟೊಪ್ಪಿಗೆ ತೆಗೆದದ್ದನ್ನು ನೋಡಿ ಇಳಿದ. ಅವನ ಹಿಂದಿನವನು ಅವನನ್ನು ನೋಡಿ ಇಳಿದ. ನೋಡುನೋಡುತ್ತ ಎಂಟು ಜನ, ಎಂಟು ಸೈಕಲ್ಲು, ನಮ್ಮ ಅಂಗಳದಲ್ಲಿ ಸಾಲಾಗಿ ತಲೆ ತಗ್ಗಿಸಿ ನಿಂತುಬಿಟ್ಟವು. ಸಾವಿನ ಮನೆಯನ್ನು ದಾಟಿ ಶರ್ಯತ್ತು ಗೆದ್ದು ಯಾವ ಮುಖ ಹೊತ್ತು ತಿರುಗುವುದು?

"ಯಾರು ಹೋದ್ರು?" ಪೈಲ್ವಾನ ಪಿಸುದನಿಯಲ್ಲಿ ಕೇಳಿದ.

"ಯಾರೂ ಹೋಗಿಲ್ಲೋ ಮಾರಾಯಾ! ಎಲ್ಲಾರೂ ಇಲ್ಲೇ ಗಟ್ಟಿಮುಟ್ಟಾಗಿ ಅದೀವಿ!" ಎಂದ ಅಪ್ಪ.

"ಕಾಕು?"

"ನಾ ಯಾಕ ಹೋಗ್ಲೋ, ನಿನ್ನ ಬಾಯಾಗ ಮಣ್ಣು ಹಾಕ!" ಎಂದು ನಮ್ಮವ್ವ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು.

ಆಗ ಎದ್ದ ನಗೆಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಅಪ್ಪನ ಪಾಲಿಗಂತೂ ಸ್ವರ್ಗ ಬಾಗಿಲಿಗೆ ಬಂದಿತ್ತು. ಎಂಟು ಜನ ಅತಿಥಿಗಳು! "ಬಂದೀರಿ ಅಂದಮ್ಯಾಲ ಒಂದು ಗುಟಕು ನೀರು..." ಎಂದು ಅವನು ಶುರುಮಾಡುವಷ್ಟರಲ್ಲಿ ಪೈಲ್ವಾನ ಕಟ್ಟೆಯ ಮೇಲೆ ಕೂತು, "ನೀರಿನ ಜೋಡಿ ಬೆಲ್ಲ ಇದ್ರ ಇನ್ನೂ ಚಲೋ ಕಾಕಾ" ಎಂದ. ಎಲ್ಲರೂ ಬೆಲ್ಲ ಕಡಿದು ನೀರು ಕುಡಿದರು. ಪೈಲ್ವಾನನೇ ತೀರ್ಪು ಹೇಳಿದ: "ಇಂವ ಮುಂದಿದ್ದ, ಇಂವನ ಸಂಬಂಧ ನಿಂತೀವಿ. ಈಗ ಎಲ್ಲಾರೂ ಈ ಬಾಗಲದಿಂದನ ಹೊಂಡೂಣು. ಒಪ್ಪಿಗೇನ್ರಪಾ?" ಒಪ್ಪಿಗೆ ಎಂದರು. ಅಲ್ಲಿಂದಾಚೆಗೆ ಉಳಿದದ್ದು ಬರೀ ಏರು. ಇದಕ್ಕಿಂತ ಒಳ್ಳೆಯ ಯೋಗ ಮೈದುನನಿಗೆ ಬೇಕೇ?

ಅಪ್ಪ ಟವೆಲು ಬೀಸಿದ. ಎಲ್ಲರೂ ಹೊರಟರು. ಮೈದುನ ನಿಂತೇ ಇದ್ದ!

"ತಮ್ಮಾ! ಹೋಗೋ! ಕಡೀ ಸಲಾ ಐತಿ!" ಎಂದು ಬಾಗಿಲ ಮರೆಯಿಂದಲೇ ಚೀರಿದೆ.

"ವೈನಿ, ನೀವು ಸ್ವಲ್ಪ ಹೊರಗ ಬರ್ರಿ."

"ನಾ ಯಾಕೋ?"

"ಬರ್ರಿ ಅಂದ್ರ ಬರ್ರಿ."

ಹೊರಗೆ ಬಂದೆ. ನೆತ್ತಿಯಿಂದ ಪಾದದ ತನಕ ಒಮ್ಮೆ ನೋಡಿದ.

"ಆರಾಮ ಅದೀರಿ?"

"ಅದೀನೋ ಮಾರಾಯಾ!"

"ಹಂಗಾರ ಆತು" ಎಂದವನೇ ಸೈಕಲ್ಲು ಎತ್ತಿಕೊಂಡು ಹತ್ತಿದ. ಉಳಿದವರು ಆಗಲೇ ಏರಿನ ಬದಿಯ ಕಲ್ಲುಬಾವಿ ದಾಟಿದ್ದರು.

ಒಂದು ಮಾತು ಹೇಳಬೇಕು. ಅವನ ರೊಟ್ಟಿಯನ್ನು ತೆಳ್ಳಗೆ ತಟ್ಟಿದವಳು ನಾನು, ಅವನ ಬೆನ್ನಿನ ಕೆಸರು ಒಗೆದವಳು ನಾನು. ಆದರೆ ಅವನು ಏರು ಹತ್ತುವುದನ್ನು ಒಮ್ಮೆಯೂ ನೋಡಿರಲಿಲ್ಲ. ಆಗಿನ ಹೆಣ್ಣುಮಕ್ಕಳು ಶರ್ಯತ್ತು ನೋಡಲು ದಾರಿಯಲ್ಲಿ ನಿಲ್ಲುತ್ತಿದ್ದರೇ? ಆ ದಿನ ನೋಡಿದೆ.

ಮುಂದಿನವರೆಲ್ಲ ಸೀಟು ಬಿಟ್ಟು ಎದ್ದು, ಹ್ಯಾಂಡಲ್ಲಿನೊಡನೆ ಕುಸ್ತಿ ಹಿಡಿದವರಂತೆ ಅತ್ತಿತ್ತ ಹೊರಳಾಡುತ್ತ ತುಳಿಯುತ್ತಿದ್ದರು. ಇವನು ಕೂತೇ ಇದ್ದ. ಭುಜ ಅಲುಗುತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಕೈ ಅವಸರ ಮಾಡಿದರೆ ಅಂಚು ಒಡೆಯುತ್ತದೆ, ಒಂದೇ ಹದದಲ್ಲಿ ತಿರುಗಿಸುತ್ತಿರಬೇಕು. ಅವನ ಕಾಲುಗಳು ಹಾಗೆ ತಿರುಗುತ್ತಿದ್ದವು. ಎರಡೂ ಕಡೆ ಸಜ್ಜೆಯ ಹೊಲ ಗಾಳಿಗೆ ಬಾಗುತ್ತಿತ್ತು, ನಡುವೆ ಬಿಳಿಯ ಅಂಗಿ ಮೇಲೆ ಮೇಲೆ ಹೋಗುತ್ತಿತ್ತು. ಒಬ್ಬನನ್ನು ದಾಟಿದ. ಇಬ್ಬರನ್ನು ಒಟ್ಟಿಗೆ ದಾಟಿದ. ಮೂವರು ಇಳಿದು ತಳ್ಳತೊಡಗಿದ್ದರು, ಅವರನ್ನೂ ದಾಟಿದ. ಅಪ್ಪ ಪಕ್ಕದಲ್ಲಿ "ನಡೀರಿ ಬೀಗರ, ನಡೀರಿ ಬೀಗರ" ಎಂದು ಕುಣಿಯುತ್ತಿದ್ದ. ದಾರಿ ತಿರುಗುವಲ್ಲಿ ಅವನ ಮುಂದೆ ಇನ್ನೂ ಒಂದು ಅಗಲವಾದ ಬೆನ್ನಿತ್ತು. ಅಷ್ಟರಲ್ಲಿ ದಿನ್ನೆ ಇಬ್ಬರನ್ನೂ ಮರೆಮಾಡಿತು.

ನಾನು ಬಾಗಿಲಲ್ಲೇ ನಿಂತಿದ್ದೆ. ನಮ್ಮವ್ವ ಕೂಡು ಎಂದರೂ ಕೂಡಲಿಲ್ಲ.

ಬಹಳ ಹೊತ್ತಿನ ಮೇಲೆ ದಿನ್ನೆಯಿಂದ ಜನ ಇಳಿದು ಬಂದರು. ಎಲ್ಲರಿಗಿಂತ ಮುಂದೆ ಪೈಲ್ವಾನ, ತಲೆ ಬರಿದು. ಅವನ ಹಿಂದೆ, ಬ್ರೇಕಿಲ್ಲದ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಯುತ್ತ ನನ್ನ ಮೈದುನ. ಅವನ ಸಣ್ಣ ತಲೆಯ ಮೇಲೆ ಕೆಂಪು ಅಂಚಿನ ಅಷ್ಟು ದೊಡ್ಡ ರುಮಾಲು!

"ಮರಾ ಮುಟ್ಟಾಕ ಒಂದು ಮಾರು ಇತ್ತು ಕಾಕಾ," ಪೈಲ್ವಾನ ಅಪ್ಪನಿಗೆ ಹೇಳಿದ, "ಬಾಜೂಕ ಟ್ರಿಣ್ ಟ್ರಿಣ್ ಅಂತು. ಹಾದಿ ಬಿಟ್ಟು ಸರದೆ ನೋಡ್ರಿ, ಖರೇ ಗಂಟಿ ಅಂತ ತಿಳದು!"

ಅಪ್ಪ ಈಗ ಯಾರ ಮಾತನ್ನೂ ಕೇಳಲಿಲ್ಲ. ಎಂಟೂ ಜನರನ್ನು ಒಳಗೆ ಎಳೆದು ಪಂಕ್ತಿ ಕೂಡಿಸಿದ. ಮೈದುನ ಎಷ್ಟು ಹೋಳಿಗೆ ತಿಂದ ಎಂದು ನಾನು ಎಣಿಸಲಿಲ್ಲ. ಅವನೂ ಎಣಿಸಿರಲಿಕ್ಕಿಲ್ಲ.

ಎಲ್ಲರೂ ಹೋದ ಮೇಲೆ ಅವನು ಕಟ್ಟೆಯ ಮೇಲೆ ಕೂತಿದ್ದ. ನಾನು ಎಲೆ ಅಡಿಕೆಯ ತಾಟು ತಂದು ಇಟ್ಟು, ಬೈಯಲೇಬೇಕೆಂದು ಬೈದೆ.

"ಶಾಣ್ಯಾ ಅದೀ ನೋಡು! ರುಮಾಲು ಕೈಯಾಗ ಬಂದಿತ್ತು. ಬಾಗಲಾ ಮುಚ್ಚಿದ್ರ ಮುಚ್ಚಿರ್ತದ. ಇಳಿಯೂದು ಏನಿತ್ತು?"

ಅವನು ಎಲೆಯ ತೊಟ್ಟು ಮುರಿಯುತ್ತ ಕೂತ. ಆಮೇಲೆ ನನ್ನ ಮುಖ ನೋಡದೆ, ಮೆಲ್ಲಗೆ ಅಂದ:

"ಹೋದ ಸಲಾನೂ ಹಗಲಾಗ ಬಾಗಲಾ ಮುಚ್ಚಿತ್ತಲ್ರಿ ವೈನಿ."

ಅದಕ್ಕಿಂತ ಒಂದೂವರೆ ವರ್ಷದ ಹಿಂದೆ, ಜತ್ತದ ಮನೆಯಲ್ಲಿ, ನನ್ನ ಮೊದಲ ಕೂಸು ಏಳು ತಿಂಗಳಿಗೇ ಹುಟ್ಟಿ ಒಂದು ಹಗಲು ಕೂಡ ಉಳಿಯಲಿಲ್ಲ. ಆ ದಿನ ಮೈದುನ ಸೈಕಲ್ಲು ಹೊಡೆದು ಮರಳಿ ಬಂದಾಗ ಬಾಗಿಲು ಮುಚ್ಚಿತ್ತಂತೆ. ತೆಗೆಯುವ ತನಕ ಬಿಸಿಲಲ್ಲಿ ಹೊರಗೇ ನಿಂತಿದ್ದನಂತೆ. ನನಗೆ ಅದು ಗೊತ್ತಿರಲಿಲ್ಲ. ಆ ಕೂಸಿನ ಮಾತನ್ನು ಆ ಮೇಲೆ ಅತ್ತೆಯವರು ಎತ್ತಿರಲಿಲ್ಲ, ನಮ್ಮ ಯಜಮಾನರು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಹಾಗೆ ಒಂದು ಜೀವ ಬಂದು ಹೋಗಿತ್ತೆಂಬುದನ್ನು ಇನ್ನೊಬ್ಬರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅವನ ರುಮಾಲಿನ ಸೆರಗು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಎತ್ತಿ, ಬಿಗಿಯಾಗಿ ಸಿಕ್ಕಿಸಿದೆ.